ಫೇರೋ ಮನೆಯ ಹೆಣ್ಣು ಹೊರಗೆ ಹೋಗುವಂತಿಲ್ಲ

ಸುಮಾರು 3,400 ವರ್ಷಗಳ ಹಿಂದೆ ಬ್ಯಾಬಿಲೋನಿನ ರಾಜ ಕದಶ್ಮಾನ್-ಎನ್ಲಿಲ್ ಈಜಿಪ್ಟಿನ ಫೇರೋ ಮೂರನೇ ಅಮೆನ್‌ಹೋಟೆಪ್‌ನ ಬಳಿ ಹೆಣ್ಣು ಕೇಳಿದ. ಇವನ ಸಹೋದರಿ ಆಗಲೇ ಫೇರೋನ ಅಂತಃಪುರದಲ್ಲಿದ್ದಳು. ಹೆಣ್ಣು ತಂದುಕೊಂಡ ಮನೆಯವರು ಹೆಣ್ಣು ಕೊಡುವುದೂ ರೂಢಿ ಅಲ್ವಾ? ಫೇರೋ ಮಾತ್ರ ಖಡಾಖಂಡಿತವಾಗಿ ಆಗಲ್ಲ ಅಂದುಬಿಟ್ಟ. ಈಜಿಪ್ಟಿನ ರಾಜನ ಮಗಳನ್ನು ಹಿಂದಿನಿಂದಲೂ ಯಾರಿಗೂ ಕೊಟ್ಟಿಲ್ಲ ಅನ್ನುವುದು ಅವನ ಉತ್ತರ. ಬ್ಯಾಬಿಲೋನಿನವನೂ ಸುಮ್ಮನಿರುವ ಆಸಾಮಿಯಲ್ಲ. ಹಾಗಾದರೆ ಯಾರಾದರೂ ಚೆಂದದ ಹೆಣ್ಣನ್ನು ನಿನ್ನ ಮಗಳು ಅಂತ ಕಳಿಸಿಬಿಡು, ಇವಳು ರಾಜಕುಮಾರಿ ಅಲ್ಲ ಅಂತ ಯಾರು ಹೇಳುತ್ತಾರೆ ಎಂದು ಬರೆದ. ಜೇಡಿಮಣ್ಣಿನ ಹಲಗೆಯ ಮೇಲಿನ ಈ ಪತ್ರ ಈಜಿಪ್ಟಿನ ಅಮರ್ನಾ ಎಂಬಲ್ಲಿ ಸಿಕ್ಕ ಪತ್ರಗಳ ರಾಶಿಯಲ್ಲಿದೆ.

ಫೇರೋಗಳು ಒಡಹುಟ್ಟಿದವರನ್ನು ಮದುವೆಯಾಗುತ್ತಿದ್ದದ್ದು ರಕ್ತ ಶುದ್ಧವಾಗಿರಲಿ ಅಂತ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ನನಗೇನೋ ಈ ಪತ್ರವೇ ಜಾಸ್ತಿ ನಂಬಿಕೆಗೆ ಅರ್ಹ ಅನಿಸುತ್ತದೆ. ರಕ್ತದ ಚಿಂತೆ ಅಷ್ಟೊಂದು ಇದ್ದಿದ್ದರೆ ಇದೇ ಅಮೆನ್‌ಹೋಟೆಪ್ ಟೀಯೆಯನ್ನು ಪಟ್ಟದರಸಿ ಮಾಡಿಕೊಳ್ಳುತ್ತಿರಲಿಲ್ಲ. ಅವಳ ಅಪ್ಪ ಯೂಯ, ಅಮ್ಮ ತೂಯ ರಾಜಮನೆತನದವರಲ್ಲ. ಹೊರಗಿನಿಂದ ಹೆಣ್ಣು ತರಲು ಅಡ್ಡಿ ಇರಲಿಲ್ಲ, ಕೊಡಲು ಮಾತ್ರ ಅಡ್ಡಿ. ಕೊಟ್ಟರೆ ಅಳಿಯ ಬರುತ್ತಾನೆ, ಮೊಮ್ಮಗ ಹುಟ್ಟುತ್ತಾನೆ, ನಾಳೆ ಅವನೂ ಸಿಂಹಾಸನ ನನ್ನದು ಅನ್ನಬಹುದು. ಹಾಗಾಗಿ ರಾಜಕುಮಾರಿಗೆ ಸಿಗುವ ಗಂಡು ಹೆಚ್ಚಾಗಿ ಅವಳ ಅಣ್ಣ ಅಥವಾ ತಮ್ಮ. 18ನೇ ರಾಜವಂಶವನ್ನು ಸ್ಥಾಪಿಸಿದ ಅಹ್ಮೋಸ್ ತನ್ನ ಸಹೋದರಿ ಅಹ್ಮೋಸ್-ನೆಫೆರ್ತಾರಿಯನ್ನು ಮದುವೆಯಾದ. ಮುಂದೆ ತಾನೇ ಫೇರೋ ಆದ ಹ್ಯಾಟ್‌ಶೆಪ್ಸುಟ್‌ಳ ಗಂಡ ಅವಳ ಮಲಸಹೋದರ. ದೇವರಾದ ಒಸಿರಿಸ್ ತನ್ನ ತಂಗಿ ಐಸಿಸ್‌ಳನ್ನೇ ಮದುವೆಯಾಗಿದ್ದ ಅನ್ನುವ ಪುರಾಣವೂ ಜೊತೆಗಿತ್ತು. ತಾವೂ ದೇವರೇ ಎಂದುಕೊಂಡವರಿಗೆ ಇನ್ನೇನು ಬೇಕು?

ಈಗ ಜೀನಿನ ವಿಷಯಕ್ಕೆ ಬರೋಣ. ಪ್ರತಿ ಜೀನಿಗೂ ನಮ್ಮಲ್ಲಿ ಎರಡು ಪ್ರತಿಗಳಿರುತ್ತವೆ, ಒಂದು ಅಪ್ಪನದು, ಇನ್ನೊಂದು ಅಮ್ಮನದು. ಎಷ್ಟೋ ಜೀನುಗಳಲ್ಲಿ ಒಂದು ಪ್ರತಿ ಕೆಟ್ಟಿದ್ದರೂ ಇನ್ನೊಂದು ಸಂಭಾಳಿಸಿಕೊಂಡು ಹೋಗುತ್ತದೆ. ಎರಡೂ ಕೆಟ್ಟರೆ ಮಾತ್ರ ಕಾಯಿಲೆ. ಅಂಥ ಒಂದು ಕೆಟ್ಟ ಪ್ರತಿ 100 ಜನರಲ್ಲಿ ಒಬ್ಬರಿಗೆ ಇದೆ ಎಂದುಕೊಳ್ಳಿ, ಆ ಒಬ್ಬರು ನೀವೇ ಎಂದುಕೊಳ್ಳಿ. ಸಂಬಂಧವೇ ಇಲ್ಲದವರನ್ನು ಮದುವೆಯಾದರೆ ಮಗುವಿಗೆ ಆ ಕಾಯಿಲೆ ಬರುವ ಸಾಧ್ಯತೆ 400ಕ್ಕೆ 1. ಒಡಹುಟ್ಟಿದವರಲ್ಲಿ ಅದೇ ಪ್ರತಿ ಇರುವ ಸಾಧ್ಯತೆ ಅರ್ಧಕ್ಕರ್ಧ, ಹಾಗಾಗಿ ಆ ಮದುವೆಯಲ್ಲಿ ಅದು 8ಕ್ಕೆ 1 ಆಗುತ್ತದೆ. ಇದನ್ನೇ ಒಟ್ಟು ಜೀನುಗಳ ಲೆಕ್ಕದಲ್ಲಿ ಹೇಳುವುದಾದರೆ, ಅಣ್ಣ-ತಂಗಿಯ ಮಗುವಿನಲ್ಲಿ ಸರಾಸರಿ 25% ಜೀನುಗಳ ಎರಡೂ ಪ್ರತಿ ಒಂದೇ ಮೂಲದಿಂದ ಬಂದಿರುತ್ತವೆ. ನಮ್ಮ ಕಡೆ ನಡೆಯುವ ಸೋದರಮಾವನ ಮದುವೆಯಲ್ಲಿ ಇದು 12.5%, ಅತ್ತೆ ಮಗ - ಮಾವನ ಮಗಳ ಮದುವೆಯಲ್ಲಿ 6.25%.

ಇಲ್ಲೊಂದು ಮಾತು ಬಿಟ್ಟುಹೋಗುತ್ತಿರುತ್ತದೆ. ಹತ್ತಿರದ ಮದುವೆ ಕೆಟ್ಟ ಜೀನನ್ನು ಹುಟ್ಟಿಸುವುದಿಲ್ಲ, ಅಡಗಿದ್ದದ್ದನ್ನು ಹೊರಗೆ ತರುತ್ತದೆ ಅಷ್ಟೆ. ಒಡಹುಟ್ಟಿದವರ ಮಗನೇ ಆದರೂ ಅವನು ಪೂರ್ತಿ ಹೊರಗಿನ ಹೆಣ್ಣನ್ನು ತಂದರೆ ಅವನ ಮಕ್ಕಳ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಟೀಯೆಯಂಥ ರಾಣಿಯರು ಬಂದಾಗಲೆಲ್ಲ ಆಗುತ್ತಿದ್ದದ್ದು ಹೆಚ್ಚುಕಡಿಮೆ ಇದೇ. ಇದಕ್ಕೆ ಉಲ್ಟಾ, ಸ್ಪೇನಿನ ದೊರೆ ಎರಡನೇ ಚಾರ್ಲ್ಸ್‌ನ ವಂಶದಲ್ಲಿ ಅಣ್ಣ-ತಂಗಿ ಮದುವೆ ಆಗಿರಲೇ ಇಲ್ಲ. ಸೋದರಮಾವ-ಅಕ್ಕತಂಗಿಯ ಮಗಳು, ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳು ಎಂದು ತಲೆಮಾರುಗಟ್ಟಲೆ ಒಳಗೊಳಗೇ ಮದುವೆಯಾಗಿ ಅವನ ಅಂಕಿ 25% ದಾಟಿತ್ತು. ಅವನು 1700ರಲ್ಲಿ ಮಕ್ಕಳಿಲ್ಲದೆ ಸತ್ತ.

ಚಿಕ್ಕ ವಯಸ್ಸಿನಲ್ಲೇ ಸತ್ತ ಫೇರೋ ಟುಟಾಂಖಾಮುನ್ ಕಥೆ ಎಲ್ಲರಿಗೂ ಗೊತ್ತು. 1922ರಲ್ಲಿ ಅವನ ಸಮಾಧಿ ಸಿಕ್ಕಿತು, ಒಳಗೆ ಸುಮಾರು 130 ಊರುಗೋಲುಗಳಿದ್ದವು. 2010ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನ ಅವನ ಅಪ್ಪ-ಅಮ್ಮ ಇಬ್ಬರೂ ಅಮೆನ್‌ಹೋಟೆಪ್-ಟೀಯೆ ದಂಪತಿಯ ಮಕ್ಕಳು ಎಂದಿತು. ಅಪ್ಪ ಬಹುಶಃ ಅಖೆನಾಟೆನ್, ಅಮ್ಮ ಯಾರೆಂದು ಹೆಸರು ಗೊತ್ತಿಲ್ಲದ ಒಂದು ಮಮ್ಮಿ. ಅವನ ಎಡಗಾಲಿನ ಮೂಳೆ ಕೊಳೆತಿತ್ತು, ಪಾದ ಸೊಟ್ಟಗಿತ್ತು ಎಂದೂ ಅದೇ ತಂಡ ಹೇಳಿತು. ಒಡಹುಟ್ಟಿದವರ ಮದುವೆಯೇ ಹುಡುಗನನ್ನು ಕೊಂದಿತು ಎಂಬ ತಲೆಬರಹಗಳು ಆಮೇಲೆ ಬಂದವು. ಆದರೆ ಅದೇ ತಂಡಕ್ಕೆ ಅವನ ದೇಹದಲ್ಲಿ ಮಲೇರಿಯಾ ಪರಾವಲಂಬಿಯ ಡಿಎನ್‌ಎ ಕೂಡ ಸಿಕ್ಕಿತ್ತು. ಮಲೇರಿಯಾಕ್ಕೂ ಅಪ್ಪ-ಅಮ್ಮನ ಸಂಬಂಧಕ್ಕೂ ಏನು? ಪಾದ ಸೊಟ್ಟಗಿತ್ತು ಅನ್ನುವುದನ್ನು ಬೇರೆ ತಜ್ಞರು ಒಪ್ಪಿಲ್ಲ. ಸೋದರ ಸಂಬಂಧಿಗಳ ಮದುವೆ ಮೂರು ತಲೆಮಾರು ನಡೆದಿದ್ದರೂ ಡಿಎನ್‌ಎ ಇದೇ ಥರ ಕಾಣಬಹುದು ಎನ್ನುವ ಈಜಿಪ್ಟ್ ತಜ್ಞರೂ ಇದ್ದಾರೆ. ಅದೇ ಸಮಾಧಿಯಲ್ಲಿ ಹುಟ್ಟುವಾಗಲೇ ಸತ್ತಿದ್ದ ಇಬ್ಬರು ಹೆಣ್ಣುಕೂಸುಗಳ ಮಮ್ಮಿಗಳಿದ್ದವು. ಅವನ ಹೆಂಡತಿ ಆಂಖೆಸೆನಾಮುನ್ ಅಖೆನಾಟೆನ್‌ನ ಮಗಳು. ಕೂಸುಗಳು ಅವಳದೇ ಆಗಿದ್ದರೂ ಸಾವಿಗೆ ಕಾರಣ ಇಂಥ ಜೀನು ಎಂದು ಯಾರೂ ತೋರಿಸಿಲ್ಲ.

ಗಂಡ ಸತ್ತ ಮೇಲೆ ಈಜಿಪ್ಟಿನ ರಾಣಿಯೊಬ್ಬಳು ಈಗಿನ ಟರ್ಕಿಯ ಕಡೆ ಆಳುತ್ತಿದ್ದ ಹಿಟ್ಟೈಟ್ ದೊರೆ ಸುಪ್ಪಿಲುಲಿಯುಮನಿಗೆ ಪತ್ರ ಬರೆದಳು. ಅದು ಆಂಖೆಸೆನಾಮುನ್ ಎಂದೇ ಹಲವರ ಅಭಿಪ್ರಾಯ. ನನಗೆ ಗಂಡುಮಗ ಇಲ್ಲ, ನಿನ್ನ ಮಕ್ಕಳಲ್ಲಿ ಒಬ್ಬನನ್ನು ಕಳಿಸು, ನನ್ನ ಆಳುಗಳಲ್ಲಿ ಒಬ್ಬನನ್ನು ನಾನು ಗಂಡ ಅನ್ನಲಾರೆ ಎಂಬುದು ಅದರ ಸಾರ. ದೊರೆಗೆ ಇದನ್ನು ನಂಬುವುದೇ ಕಷ್ಟವಾಯಿತು. ನಿಜವೋ ಸುಳ್ಳೋ ನೋಡಿ ಬಾ ಎಂದು ದೂತನನ್ನು ಅಟ್ಟಿದ. ಕೊನೆಗೆ ಮಗ ಜನ್ನಾಂಜನನ್ನು ಕಳಿಸಿದ, ಹುಡುಗ ಪ್ರಾಣ ಕಳೆದುಕೊಂಡ. ಪಟ್ಟಕ್ಕೆ ಬಂದವನು ಆಸ್ಥಾನದ ಹಿರಿಯ ಅಧಿಕಾರಿ ಆಯ್. ಅವನ ಹೆಸರೂ ಆಂಖೆಸೆನಾಮುನ್ ಹೆಸರೂ ಒಟ್ಟಿಗೆ ಕೆತ್ತಿದ ಉಂಗುರವೊಂದು ಸಿಕ್ಕಿದೆ.

ಸಾವಿರ ವರ್ಷ ಕಳೆದು ಗ್ರೀಕ್ ಮೂಲದ ಟಾಲೆಮಿಗಳು ಈಜಿಪ್ಟ್ ಆಳಿದಾಗ ಈ ಪದ್ಧತಿ ಇನ್ನಷ್ಟು ಜೋರಾಯಿತು. ಎರಡನೇ ಟಾಲೆಮಿ ತನ್ನ ಒಡಹುಟ್ಟಿದ ಅಕ್ಕ ಆರ್ಸಿನೊಯೆಯನ್ನು ಮದುವೆಯಾದ. ಅವರಿಬ್ಬರಿಗೆ ಮಕ್ಕಳಾಗಲಿಲ್ಲ, ಉತ್ತರಾಧಿಕಾರಿ ಬಂದದ್ದು ಅವನ ಮೊದಲ ಹೆಂಡತಿಯಿಂದ. ಪ್ರಸಿದ್ಧ ಕ್ಲಿಯೋಪಾತ್ರಾ ಒಬ್ಬರಾದ ಮೇಲೊಬ್ಬರಂತೆ ಇಬ್ಬರು ತಮ್ಮಂದಿರನ್ನು ಮದುವೆಯಾದಳು. ಅವಳ ಮಕ್ಕಳ ತಂದೆಯರು ಮಾತ್ರ ಜೂಲಿಯಸ್ ಸೀಸರ್ ಮತ್ತು ಮಾರ್ಕ್ ಆಂಟನಿ. ಮದುವೆ ಪಟ್ಟಕ್ಕಾಗಿ ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ!

ನಿಜವಾದ ಒಗಟು ಅರಮನೆಯಲ್ಲಿಲ್ಲ, ಸಾಮಾನ್ಯರ ಮನೆಯಲ್ಲಿದೆ. ರೋಮನ್ನರು ಈಜಿಪ್ಟಿನಲ್ಲಿ 14 ವರ್ಷಕ್ಕೊಮ್ಮೆ ಜನಗಣತಿ ಮಾಡುತ್ತಿದ್ದರು. ಮನೆಯವರು ಪಪೈರಸ್ ಎಂಬ ಜೊಂಡಿನ ಕಾಗದದ ಮೇಲೆ ಬರೆದುಕೊಟ್ಟ ವಿವರಗಳಲ್ಲಿ ಸುಮಾರು 300 ಉಳಿದಿವೆ. ಅವುಗಳಲ್ಲಿ ಹೆಚ್ಚುಕಡಿಮೆ ಆರರಲ್ಲಿ ಒಂದು ಮದುವೆ ಅಣ್ಣ-ತಂಗಿಯದು. ಮುಚ್ಚುಮರೆ ಏನಿಲ್ಲ, ಹೆಂಡತಿ, ಒಂದೇ ತಂದೆ-ತಾಯಿಗೆ ಹುಟ್ಟಿದ ತಂಗಿ ಎಂದು ಸರ್ಕಾರಕ್ಕೇ ಬರೆದುಕೊಟ್ಟಿದ್ದಾರೆ. ಅಲ್ಲಿ ಹೆಣ್ಣುಮಕ್ಕಳಿಗೂ ಆಸ್ತಿಯಲ್ಲಿ ಪಾಲಿತ್ತು, ಹೊಲ-ಮನೆ ಒಡೆಯದಿರಲಿ ಅಂತ ಹೀಗೆ ಮಾಡಿದರು ಎನ್ನುವವರಿದ್ದಾರೆ. ಹೀಗೆ ಮದುವೆಯಾದವರಲ್ಲಿ ಕೆಲವರು ದತ್ತು ಬಂದ ಮಕ್ಕಳು ಎನ್ನುವ ವಾದವೂ ಇದೆ, ಅದನ್ನು ಬಹಳ ಜನ ಒಪ್ಪಿಲ್ಲ. ಕ್ರಿ.ಶ. 212ರಲ್ಲಿ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೂ ರೋಮನ್ ಪೌರತ್ವ ಸಿಕ್ಕಿತು, ಜೊತೆಗೆ ರೋಮನ್ ಮದುವೆ ಕಾನೂನೂ ಬಂತು. ಅದು ಅಣ್ಣ-ತಂಗಿ ಮದುವೆಗೆ ಒಪ್ಪುತ್ತಿರಲಿಲ್ಲ. 295ರಲ್ಲಿ ಚಕ್ರವರ್ತಿ ಡಯೋಕ್ಲೀಷಿಯನ್ ಹತ್ತಿರದ ಸಂಬಂಧದ ಮದುವೆಗಳನ್ನು ನಿಷೇಧಿಸಿ ಮತ್ತೆ ಆಜ್ಞೆ ಹೊರಡಿಸಿದ.