ಮೊದಲು ಆಕ್ಸಲ್, ಆಮೇಲೆ ಎಂಜಿನ್

ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದಲ್ಲಿ ವಿಜಯಪುರ ಕಡೆಯ ಮೇಸ್ತ್ರಿಯೊಬ್ಬರ ಗ್ಯಾರೇಜ್ ಇದೆ. ನನ್ನ ಸೋದರಮಾವನ ಮಗ ತನ್ನ ಹಳೆಯ ಫೋರ್‌ವೀಲ್ ಡ್ರೈವ್ ಪಿಕಪ್ಪನ್ನು ಅಲ್ಲಿಗೆ ಒಯ್ದಾಗ ಅವನ ತಲೆಯಲ್ಲಿದ್ದದ್ದು ಟರ್ಬೊ ಎಂಜಿನ್ ಒಂದೇ. ಮುಳಶಿ ಆಚೆ ಅವನ ಹೊಲವಿದೆ. ಮಳೆಗಾಲದಲ್ಲಿ ಆ ಹೊಲದೊಳಗಿನ ದಾರಿ ಅಂದರೆ ಕಲ್ಲು, ಕೆಸರು, ಹಳ್ಳ. ಮೇಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಗಾಡಿಯ ಕೆಳಗೆ ತೂರಿ ಹೊರಬಂದು, "ಎಂಜಿನ್ ಮಾತು ಕಡೀಕ್ ಆಡೂಣ್ರಿ. ಮುಂದ ಯಾವ ಆಕ್ಸಲ್ ಹಾಕಸ್ತೀರಿ, ಅದನ್ನ ಮೊದಲ ಹೇಳ್ರಿ" ಅಂದರು.

ಆ ಪಿಕಪ್ಪಿನ ಮುಂದಿನ ಚಕ್ರಗಳು ಒಂದಕ್ಕೊಂದು ಸಂಬಂಧವಿಲ್ಲದೆ ಏರಿಳಿಯುತ್ತವೆ. ಡಾಂಬರು ರಸ್ತೆಗೆ ಅದೇ ಸುಖ. ಆದರೆ ಅಲ್ಲಿ ಎಂಜಿನ್ ಬಲವನ್ನು ಎರಡೂ ಚಕ್ರಗಳಿಗೆ ಹಂಚುವ ಗೇರುಗಳ ಗಡ್ಡೆ, ಅಂದರೆ ಡಿಫರೆನ್ಷಿಯಲ್, ಚಾಸಿಸ್‌ಗೇ ಬಿಗಿದಿರುತ್ತದೆ. ಸ್ಪ್ರಿಂಗ್ ಅದುಮಿ ಗಾಡಿಯ ಮೂತಿ ಕುಸಿದಾಗ ಅದೂ ಕಲ್ಲಿನ ಹತ್ತಿರ ಇಳಿಯುತ್ತದೆ. ಸಾಲಿಡ್ ಆಕ್ಸಲ್‌ನಲ್ಲಿ ಎರಡು ಚಕ್ರಗಳ ನಡುವೆ ಒಂದೇ ಉಕ್ಕಿನ ಕೊಳವೆ. ಡಿಫರೆನ್ಷಿಯಲ್ ಅದರೊಳಗೇ ಕೂತಿರುತ್ತದೆ. ಎಡ ಚಕ್ರ ಬಂಡೆ ಏರಿದರೆ ಡಿಫರೆನ್ಷಿಯಲ್ ಕೂಡ ಏರುತ್ತದೆ, ತಕ್ಕಡಿಯಂತೆ ಬಲ ಚಕ್ರ ನೆಲಕ್ಕೆ ಒತ್ತುತ್ತದೆ. ಅಮೆರಿಕದಲ್ಲಿ ಟೊಯೋಟಾ ತನ್ನ ಫೋರ್‌ವೀಲ್ ಡ್ರೈವ್ ಪಿಕಪ್‌ನ ಮುಂದಿನ ಸಾಲಿಡ್ ಆಕ್ಸಲ್ಲನ್ನು 1986ರ ಮಾದರಿಯಿಂದ ಕೈಬಿಟ್ಟಿತು. ಅದನ್ನೇ ಮತ್ತೆ ಕೂರಿಸಿಕೊಳ್ಳುವ ಹವ್ಯಾಸ ಅಲ್ಲಿ ದೊಡ್ಡದಾಗಿ ಬೆಳೆದಿದೆ. ನಮ್ಮ ಕಡೆ ಗುಜರಿಯಲ್ಲಿ ಸಿಗುವ ಹಳೆಯ ಜೀಪಿನ ಆಕ್ಸಲ್ಲೇ ಆಧಾರ.

ಆದರೆ ಸಿಕ್ಕಿದ್ದೆಲ್ಲ ಕೂರುವುದಿಲ್ಲ. ಬಲವನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಟ್ರಾನ್ಸ್‌ಫರ್ ಕೇಸಿನಿಂದ ಮುಂದಕ್ಕೆ ಬರುವ ಶಾಫ್ಟ್ ಯಾವ ಬದಿಗಿದೆಯೋ ಡಿಫರೆನ್ಷಿಯಲ್ ಕೂಡ ಅದೇ ಬದಿಗೆ ಇರಬೇಕು. ಹಿಂದಿನ ಕ್ರೌನ್-ಪಿನಿಯನ್ ಅನುಪಾತ (ಚಕ್ರ ಒಂದು ಸುತ್ತು ತಿರುಗಲು ಶಾಫ್ಟ್ ಎಷ್ಟು ಸುತ್ತು ತಿರುಗಬೇಕೆಂಬ ಲೆಕ್ಕ) 4.10, ಮುಂದಿನದು 4.56 ಆದರೆ ಕೆಸರಿನಲ್ಲಿ ಹೇಗೋ ನಡೆದೀತು. ಗಟ್ಟಿ ನೆಲದಲ್ಲಿ ಮುಂದಿನ ಚಕ್ರ ಒಂದು ವೇಗ ಕೇಳುತ್ತದೆ, ಹಿಂದಿನದು ಇನ್ನೊಂದು. ನಡುವಿನ ಹಲ್ಲುಗಳು ತಿರುಚಿಕೊಂಡು ಮುರಿಯುತ್ತವೆ. ಟೈರ್ 28 ಇಂಚಿನಿಂದ 31ಕ್ಕೆ ಹೋದರೆ ಎತ್ತರ ಶೇಕಡ 11ರಷ್ಟು ಹೆಚ್ಚು. ಹಳೆಯ ಎಳೆತ ಉಳಿಯಬೇಕಾದರೆ 3.73ರ ಅನುಪಾತದ ಜಾಗದಲ್ಲಿ ಸುಮಾರು 4.13 ಬೇಕು.

ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಕ್ಯಾಸ್ಟರ್ ಕೋನ. ಸೈಕಲ್ಲಿನ ಮುಂದಿನ ಫೋರ್ಕ್ ಓರೆಯಾಗಿರುವುದನ್ನು ನೋಡಿದ್ದೀರಲ್ಲ? ಅದು ತಿರುಗುವ ಅಕ್ಷ ಮೇಲ್ಗಡೆ ಸವಾರನತ್ತ ವಾಲಿರುವುದರಿಂದಲೇ ಚಕ್ರ ತಾನಾಗಿ ನೇರವಾಗಲು ನೋಡುತ್ತದೆ. ಗಾಡಿಗೂ ಕೆಲವು ಡಿಗ್ರಿ ಅಂಥ ವಾಲಿಕೆ ಬೇಕು, ಇಲ್ಲದಿದ್ದರೆ ಸ್ಟೇರಿಂಗ್ ಅಲೆಯುತ್ತದೆ. ಗಾಡಿ ಎತ್ತರವಾದಾಗ ಶಾಫ್ಟಿಗೆ ಅನುಕೂಲವಾಗಲೆಂದು ಅದು ಡಿಫರೆನ್ಷಿಯಲ್ಲಿಗೆ ಸೇರುವ ಪಿನಿಯನ್ ಮೂತಿಯನ್ನು ಮೇಲಕ್ಕೆ ತಿರುಗಿಸುತ್ತಾರೆ. ಆಕ್ಸಲ್ ಒಂದೇ ತುಂಡು, ಹಾಗಾಗಿ ಕ್ಯಾಸ್ಟರ್ ಹಾಳಾಗುತ್ತದೆ. ಎರಡೂ ಸರಿಬರಬೇಕೆಂದರೆ ಕೊಳವೆಯ ತುದಿಯ ಬೆಸುಗೆ ಕೆತ್ತಿ, ಕೋನ ಅಳೆದು, ಮತ್ತೆ ಬೆಸೆಯಬೇಕು. ಇದು ಅಂದಾಜಿನ ಕೆಲಸವಲ್ಲ, ಮುಂದೆ ಕೂತವರ ಜೀವ ಆ ಬೆಸುಗೆಯ ಮೇಲಿರುತ್ತದೆ.

ಇನ್ನು ಎಂಜಿನ್. ಹಳೆಯ ಡೀಸೆಲ್ 120 ನ್ಯೂಟನ್-ಮೀಟರ್ ತಿರುಚುಬಲ ಕೊಡುತ್ತದೆ ಅಂದುಕೊಳ್ಳಿ. ಮೊದಲ ಗೇರ್ 4, ಟ್ರಾನ್ಸ್‌ಫರ್ ಕೇಸಿನ ನಿಧಾನದ ಗೇರಾದ ಲೋ ರೇಂಜ್ 2.5, ಆಕ್ಸಲ್ 4.5 ಆದರೆ ಗುಣಿಸಿದಾಗ 45 ಪಟ್ಟು. ಘರ್ಷಣೆಯ ನಷ್ಟ ಲೆಕ್ಕಕ್ಕೆ ಹಿಡಿಯದಿದ್ದರೆ ಆಕ್ಸಲ್‌ಗಳಿಗೆ ಹಂಚಿಹೋಗುವುದು 5,400. ಕಲ್ಲು ಹತ್ತಲು ಇದು ಧಾರಾಳ. 250ರ ಟರ್ಬೊ ಹಾಕಿದರೆ 11,250 ಆಗುತ್ತದೆ. ಅದನ್ನು ಹೊರುವ ಶಾಫ್ಟೂ ಬೇಕಲ್ಲ? ಗುಂಡು ಶಾಫ್ಟಿನ ತಿರುಚು ತಾಳಿಕೆ ಅದರ ವ್ಯಾಸದ ಘನಕ್ಕೆ ತಕ್ಕಂತೆ ಏರುತ್ತದೆ. 30 ಮಿಲಿಮೀಟರಿನದನ್ನು 36 ಮಾಡಿದರೆ ಅದೇ ಉಕ್ಕು ಸುಮಾರು 1.7 ಪಟ್ಟು ತಾಳುತ್ತದೆ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್ ಅಂದರೆ ಇಸಿಎಂ ಎಂಬ ಆ ಕಂಪ್ಯೂಟರ್, ಸೆನ್ಸರ್, ಇಡೀ ವೈರಿಂಗ್ ಕೂಡ ಜೊತೆಗೇ ಬರಬೇಕು. ಯಾಂತ್ರಿಕ ಪಂಪಿನ ಹಳೆಯ ಡೀಸೆಲ್ ಹೊಲದಲ್ಲಿ ನಿಂತರೂ ಪಾನಾ ಹಿಡಿದು ಎಬ್ಬಿಸಬಹುದು. ಹೊಲದ ಗಾಡಿಗೆ ನಾನು ಅದನ್ನೇ ಆರಿಸುತ್ತೇನೆ.

ಕಾನೂನನ್ನು ಮರೆಯುವಂತಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು, ನೋಂದಣಿಯ ವಿವರ ತಯಾರಕರ ಮೂಲ ವಿವರಕ್ಕಿಂತ ಬೇರೆಯಾಗುವಂಥ ಬದಲಾವಣೆಯನ್ನು ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿದಿದೆ. ಕೆಲಸ ಮುಗಿದ ಮೇಲೆ ಈ ಪಿಕಪ್ಪನ್ನು ಲಾರಿಯ ಮೇಲೆ ಹೇರಿಕೊಂಡು ಹೊಲಕ್ಕೆ ಒಯ್ಯುವುದು, ಅಲ್ಲೇ ಬೇಲಿಯೊಳಗೆ ಇಟ್ಟುಕೊಳ್ಳುವುದು ಎಂದು ಮಾತಾಯಿತು.

ಕೊನೆಗೆ ಮೇಸ್ತ್ರಿ ಗುಜರಿಯ ಆಕ್ಸಲ್ಲನ್ನು ಪಾಟಾ ಸ್ಪ್ರಿಂಗ್ ಇಲ್ಲದೆ ಬರಿದೇ ಗಾಡಿಯ ಕೆಳಗಿಟ್ಟು, ಜಾಕ್ ಹಚ್ಚಿ, ರಬ್ಬರ್ ತಡೆಗೆ ತಾಗುವವರೆಗೂ ಎತ್ತಿದರು. ಸಾಲಿಡ್ ಆಕ್ಸಲ್ ಎಂಜಿನ್ನಿನ ಹೊಟ್ಟೆಯ ಕೆಳಗೇ ಏರುತ್ತದೆ. ಎಂಜಿನ್ ತಳದ ಎಣ್ಣೆ ತೊಟ್ಟಿ, ಅಂದರೆ ಆಯಿಲ್ ಸಂಪ್, ಅಡ್ಡ ಬಂದರೆ ಒಂದೇ ಹೊಡೆತಕ್ಕೆ ಸಂಪ್ ಸೀಳುತ್ತದೆ. ಹಳೆಯ ಎಂಜಿನ್ನಿನ ಸಂಪ್‌ಗೂ ಆಕ್ಸಲ್‌ಗೂ ನಡುವೆ ಅವರ ನಾಲ್ಕು ಬೆರಳು ಆರಾಮಾಗಿ ಹೋದವು. ಮಾವನ ಮಗ ತೋರಿಸಿದ ಟರ್ಬೊ ಎಂಜಿನ್ನಿನ ಸಂಪ್ ಆಳವನ್ನು ಟೇಪಿನಲ್ಲಿ ಅಳೆದು, ಸೀಮೆಸುಣ್ಣದಿಂದ ಅಲ್ಲೇ ಒಂದು ಗೆರೆ ಎಳೆದರು. ಗೆರೆ ಆಕ್ಸಲ್ ಕೊಳವೆಯ ಮಧ್ಯಕ್ಕೇ ಬಂತು.