ಪಿಎಚ್‌ಡಿಗೆ ಲೇಖನ ಪ್ರಕಟಣೆ: ನಿಯಮ ಬಂದದ್ದು, ಹೋದದ್ದು, ಉಳಿದದ್ದು

ಮಹಾಪ್ರಬಂಧ ಸಲ್ಲಿಸುವ ಮೊದಲು ಸಂಶೋಧನಾ ಲೇಖನ ಪ್ರಕಟವಾಗಿರಬೇಕೇ ಎಂದು ಹೊಸದಾಗಿ ನೋಂದಾಯಿಸಿದ ಸಂಶೋಧನಾ ವಿದ್ಯಾರ್ಥಿಯೊಬ್ಬರು ಕೇಳಿದರೆ ಇಂದು ಒಂದು ವಿಶ್ವವಿದ್ಯಾಲಯದಲ್ಲಿ ಬೇಕೆಂದೂ ಪಕ್ಕದ ಜಿಲ್ಲೆಯ ಇನ್ನೊಂದರಲ್ಲಿ ಬೇಡವೆಂದೂ ಉತ್ತರ ಬರಬಹುದು. ಒಂದೇ ವಿಭಾಗದ ಇಬ್ಬರು ಮಾರ್ಗದರ್ಶಕರು ಬೇರೆ ಬೇರೆ ಮಾತು ಹೇಳುವುದೂ ಉಂಟು. ಇಬ್ಬರೂ ಸುಳ್ಳು ಹೇಳುತ್ತಿರುವುದಿಲ್ಲ. ಹದಿನೈದು ವರ್ಷಗಳಲ್ಲಿ ನಿಯಮವೇ ಅಷ್ಟು ಸಲ ಮಗ್ಗುಲು ಬದಲಿಸಿದೆ.

1916ರಲ್ಲಿ ಮೈಸೂರು, 1949ರಲ್ಲಿ ಕರ್ನಾಟಕ, 1964ರಲ್ಲಿ ಬೆಂಗಳೂರು ಎಂದು ವಿಶ್ವವಿದ್ಯಾಲಯಗಳು ಒಂದೊಂದಾಗಿ ಹುಟ್ಟಿದ ದಶಕಗಳಲ್ಲಿ ದೇಶಕ್ಕೆಲ್ಲ ಅನ್ವಯಿಸುವ ಪ್ರಕಟಣೆಯ ಷರತ್ತು ಇರಲಿಲ್ಲ. ‘ಪ್ರಬುದ್ಧ ಕರ್ನಾಟಕ’, ‘ಕರ್ನಾಟಕ ಭಾರತಿ’, ‘ಸಾಧನೆ’ಗಳಂಥ ವಿಶ್ವವಿದ್ಯಾಲಯದ ಪತ್ರಿಕೆಗಳಿಗೆ ಬರೆಯುವುದು ಗೌರವದ ವಿಷಯವಾಗಿತ್ತು, ಅರ್ಜಿಯ ಕಲಂ ಆಗಿರಲಿಲ್ಲ.

ಷರತ್ತು ಬಂದದ್ದು ಜುಲೈ 2009ರಲ್ಲಿ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಆಗ ಹೊರಡಿಸಿದ ನಿಯಮಾವಳಿಯು ಪ್ರವೇಶ ಪರೀಕ್ಷೆ, ಕೋರ್ಸ್ ವರ್ಕ್, ಒಬ್ಬ ಮಾರ್ಗದರ್ಶಕರ ಬಳಿ 8ಕ್ಕಿಂತ ಹೆಚ್ಚು ಪಿಎಚ್‌ಡಿ ವಿದ್ಯಾರ್ಥಿಗಳು ಇರಕೂಡದೆಂಬ ಮಿತಿ, ಇವುಗಳ ಜೊತೆಗೆ ತಜ್ಞರು ಪರಿಶೀಲಿಸುವ ನಿಯತಕಾಲಿಕೆಯೊಂದರಲ್ಲಿ ಕನಿಷ್ಠ ಒಂದು ಲೇಖನ ಪ್ರಕಟವಾಗಿರಬೇಕು ಎಂದು ಹೇಳಿತು. ಪದವಿಯ ಗುಣಮಟ್ಟದ ಬಗ್ಗೆ ಆಗ ಇದ್ದ ಆತಂಕ ಸುಳ್ಳಲ್ಲವಾದ್ದರಿಂದ ಉದ್ದೇಶವನ್ನು ತಪ್ಪೆನ್ನಲಾಗದು. ಮರುವರ್ಷವೇ ಅಧ್ಯಾಪಕರ ನೇಮಕಾತಿ ಮತ್ತು ಬಡ್ತಿಗೆ ಎಪಿಐ ಎಂಬ ಅಂಕಗಣನೆ ಜಾರಿಗೆ ಬಂದಿತು. ಹೀಗೆ ಕಲಿಯುವವರಿಗೂ ಕಲಿಸುವವರಿಗೂ ಒಂದೇ ಹೊತ್ತಿಗೆ ಲೇಖನಗಳ ಸಂಖ್ಯೆ ಬೇಕಾಯಿತು. ಇಷ್ಟು ಬೇಡಿಕೆಯನ್ನು ಹೊರಬಲ್ಲ ಪತ್ರಿಕೆಗಳು, ಅದರಲ್ಲೂ ಕನ್ನಡದಲ್ಲಿ, ಎಷ್ಟಿವೆ ಎಂಬ ಲೆಕ್ಕವನ್ನು ಮೊದಲು ಹಾಕಿಕೊಳ್ಳಬೇಕಿತ್ತು.

ಲೆಕ್ಕ ಹಾಕಿದವರು ವ್ಯಾಪಾರಿಗಳು. ನಾನು ವೀರಗಲ್ಲುಗಳ ಮೇಲೆ ಕೆಲಸ ಮಾಡುತ್ತಿದ್ದ ದಿನಗಳಲ್ಲಿ ವಿಭಾಗದ ವಾಟ್ಸ್ಆ್ಯಪ್ ಗುಂಪಿಗೆ ವಾರಕ್ಕೆರಡರಂತೆ ಪ್ರಕಟಣೆಯ ಆಹ್ವಾನಗಳು ಬರುತ್ತಿದ್ದವು: ಅಂತಾರಾಷ್ಟ್ರೀಯ ನಿಯತಕಾಲಿಕೆ, ಐಎಸ್‌ಎಸ್‌ಎನ್ (ನಿಯತಕಾಲಿಕೆಯ ಗುರುತು) ಸಂಖ್ಯೆ ಉಂಟು, ಮೂರು ದಿನದಲ್ಲಿ ಪ್ರಕಟಣೆ, ಎಲ್ಲ ವಿಷಯಗಳಿಗೂ ಸ್ವಾಗತ. ಗಡುವು ಹತ್ತಿರವಾದಾಗ ನಾನೂ 1,500 ರೂಪಾಯಿ ಕಟ್ಟಿ ಲೇಖನ ಕಳಿಸಿದೆ. ಎರಡು ಗಂಟೆಯೊಳಗೆ ತಜ್ಞರ ಒಪ್ಪಿಗೆ ಬಂತು. ಅಚ್ಚಾದ ಐದು ಪುಟಗಳಲ್ಲಿ ಎರಡು ಪುಟದ ‘ನುಡಿ’ ತಂತ್ರಾಂಶದ ಕನ್ನಡ ಅಕ್ಷರಗಳು ಒಡೆದು, ಶಾಸನ ಪಾಠವಿದ್ದ ಕಡೆ ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋಗಿದ್ದವು. ಜೊತೆಗೆ ಬಂದ ಪ್ರಮಾಣಪತ್ರಕ್ಕೆ ಮಾತ್ರ ಚಿನ್ನದ ಬಣ್ಣದ ಅಂಚಿತ್ತು. ಪ್ರಗತಿ ಪರಿಶೀಲನಾ ಸಭೆಯಲ್ಲಿ ಆ ಪುಟಗಳನ್ನು ಯಾರೂ ತಿರುವಿ ನೋಡಲಿಲ್ಲ. ಮುಖಪುಟದ ಐಎಸ್‌ಎಸ್‌ಎನ್ ಸಂಖ್ಯೆಯ ಕೆಳಗೆ ಕೆಂಪು ಪೆನ್ಸಿಲಿನಿಂದ ಗೆರೆ ಎಳೆದು ಕಡತ ಮುಂದಕ್ಕೆ ಹೋಯಿತು. ಅಂದು ಹಗುರಾದದ್ದು ನಿಜ, ನಾಚಿಕೆಯಾದದ್ದೂ ನಿಜ.

2016ರ ನಿಯಮಾವಳಿ ಈ ಷರತ್ತನ್ನು ಇನ್ನಷ್ಟು ಬಿಗಿಗೊಳಿಸಿ ಒಂದು ಲೇಖನದ ಜೊತೆಗೆ ವಿಚಾರಸಂಕಿರಣಗಳಲ್ಲಿ ಎರಡು ಪ್ರಬಂಧ ಮಂಡನೆಯನ್ನೂ ಕಡ್ಡಾಯ ಮಾಡಿತು. ಮಹಿಳೆಯರಿಗೆ ಹೆಚ್ಚುವರಿ ಎರಡು ವರ್ಷ ಮತ್ತು 240 ದಿನಗಳ ಹೆರಿಗೆ ರಜೆ ಕೊಟ್ಟದ್ದು ಇದೇ ನಿಯಮಾವಳಿ ಎಂಬುದನ್ನು ಮರೆಯಬಾರದು. ಅದೇ ವರ್ಷದ ಇನ್ನೊಂದು ತಿದ್ದುಪಡಿ, 2009ರ ಜುಲೈಗೆ ಮೊದಲು ನೋಂದಾಯಿಸಿ ಪಿಎಚ್‌ಡಿ ಪಡೆದವರೂ ಅಧ್ಯಾಪಕ ಹುದ್ದೆಯ ಅರ್ಹತಾ ಪರೀಕ್ಷೆಯಾದ ನೆಟ್‌ನಿಂದ ವಿನಾಯಿತಿ ಬೇಕೆಂದರೆ ಐದು ಅಂಶಗಳ ಪ್ರಮಾಣಪತ್ರ ತರಬೇಕೆಂದಿತು. ಆ ಐದರಲ್ಲಿ ಎರಡು ಪ್ರಕಟಿತ ಲೇಖನಗಳೂ ಸೇರಿದ್ದವು. ಯಾವಾಗಲೋ ಮುಗಿದ ಪದವಿಗೆ ಹಳೆಯ ಸಂಚಿಕೆ ಹುಡುಕುತ್ತ ಕುಲಸಚಿವರ ಕಚೇರಿಯ ಮುಂದೆ ನಿಂತಿದ್ದ ಐವತ್ತರ ಆಸುಪಾಸಿನ ಅತಿಥಿ ಉಪನ್ಯಾಸಕರನ್ನು ನಾನು ಕಂಡಿದ್ದೇನೆ.

ಕಳಪೆ ಪತ್ರಿಕೆಗಳ ಹಾವಳಿ ಅರಿವಾದ ಮೇಲೆ ಪಟ್ಟಿಗಳ ಕಾಲ ಬಂತು. ಯುಜಿಸಿ 2017ರಲ್ಲಿ ಮಾನ್ಯ ನಿಯತಕಾಲಿಕೆಗಳ ಪಟ್ಟಿ ಮಾಡಿ, 2018ರ ಮೇ ತಿಂಗಳಲ್ಲಿ ಅದರಿಂದ 4,305 ಪತ್ರಿಕೆಗಳನ್ನು ಕೈಬಿಟ್ಟು, 2019ರ ಜೂನ್‌ನಿಂದ ಕೇರ್ ಎಂಬ ಹೊಸ ಪಟ್ಟಿಯನ್ನು ಜಾರಿಗೆ ತಂದಿತು. ಪಟ್ಟಿ ಬೇಕೇ ಇತ್ತು. ಆದರೆ ಒಪ್ಪಿಗೆ ಬರುವಾಗ ಒಳಗಿದ್ದ ಪತ್ರಿಕೆ ಸಲ್ಲಿಕೆಯ ಹೊತ್ತಿಗೆ ಹೊರಗಿದ್ದರೆ ಏನು ಮಾಡುವುದೆಂಬ ಚಿಂತೆಯಲ್ಲಿ ಎಷ್ಟೋ ಮಂದಿ ನಿದ್ದೆಗೆಟ್ಟರು. ಸಂಶೋಧನೆಗೆ ಸೇರುವವರಲ್ಲಿ ಕೆಲವರಿಗೆ ಸಿಗುವ ಜೆಆರ್‌ಎಫ್ ಎಂಬ ಶಿಷ್ಯವೇತನ ಎರಡು ವರ್ಷ, ಅದರ ಮುಂದಿನ ಎಸ್‌ಆರ್‌ಎಫ್ ಮೂರು ವರ್ಷ, ಒಟ್ಟು ಐದೇ ವರ್ಷ. ತಿಂಗಳಿಗೆ 31,000 ಇದ್ದ ಜೆಆರ್‌ಎಫ್ 2023ರಲ್ಲಿ 37,000 ಆಯಿತು, ಅವಧಿ ಮಾತ್ರ ಬೆಳೆಯಲಿಲ್ಲ. ಈ ಶಿಷ್ಯವೇತನವೂ ಇಲ್ಲದವರು ಹಗಲು ಕಾಲೇಜಿನಲ್ಲಿ ಪಾಠ ಹೇಳಿ ರಾತ್ರಿ ಮಹಾಪ್ರಬಂಧಕ್ಕೆ ಕುಳಿತರು. ಒಳ್ಳೆಯ ಪತ್ರಿಕೆ ಉತ್ತರಕ್ಕೆ ವರ್ಷ ತೆಗೆದುಕೊಳ್ಳುವುದು ಸಹಜ, ಹಾಗೆಂದು ಮನೆ ಬಾಡಿಗೆ ಕಾಯುವುದಿಲ್ಲ.

ನವೆಂಬರ್ 2022ರ ನಿಯಮಾವಳಿಯಲ್ಲಿ ಯುಜಿಸಿ ಪ್ರಕಟಣೆಯ ಕಡ್ಡಾಯವನ್ನು ಕೈಬಿಟ್ಟಿತು, ಎಂ.ಫಿಲ್. ಪದವಿಯನ್ನೂ ನಿಲ್ಲಿಸಿತು. ಆಗ ವಿಭಾಗಗಳಲ್ಲಿ ಸಂಭ್ರಮವೇನೂ ಕಾಣಲಿಲ್ಲ, ಏಕೆಂದರೆ ಹಲವು ವಿಶ್ವವಿದ್ಯಾಲಯಗಳು ಆ ಷರತ್ತನ್ನು ತಮ್ಮದೇ ನಿಯಮಗಳಲ್ಲಿ ಉಳಿಸಿಕೊಂಡವು. ಉಳಿಸಿಕೊಳ್ಳಲು ಕಾರಣವೂ ಇತ್ತು: ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಅಭ್ಯರ್ಥಿಗಳನ್ನು ಆರಿಸುವ 2018ರ ಕೋಷ್ಟಕದಲ್ಲಿ ಪ್ರತಿ ಲೇಖನಕ್ಕೆ 2 ಅಂಕ, ಗರಿಷ್ಠ 10 ಅಂಕ ಎಂದಿತ್ತು. ಪದವಿಗೆ ಬೇಡವಾದದ್ದು ಕೆಲಸಕ್ಕೆ ಬೇಕೆಂದ ಮೇಲೆ ಬಿಡುವ ಧೈರ್ಯ ಯಾರಿಗೆ?

ಇಷ್ಟೆಲ್ಲದರ ನಡುವೆ ಯಾವ ನಿಯಮವೂ ಎಣಿಸದೆ ಬಿಟ್ಟದ್ದೊಂದಿದೆ ಎಂದು ನನಗೆ ಅನಿಸುತ್ತದೆ. ಮಾರ್ಗದರ್ಶಕರ ಬಳಿ ಎಷ್ಟು ವಿದ್ಯಾರ್ಥಿಗಳಿರಬಹುದು ಎಂದು 2009 ಹೇಳಿತು. 2016 ಅದನ್ನು ಪ್ರಾಧ್ಯಾಪಕರಿಗೆ 8, ಸಹ ಪ್ರಾಧ್ಯಾಪಕರಿಗೆ 6, ಸಹಾಯಕ ಪ್ರಾಧ್ಯಾಪಕರಿಗೆ 4 ಎಂದು ಹಂಚಿತು. ತಿಂಗಳಿಗೊಮ್ಮೆಯಾದರೂ ಎದುರು ಕೂರಿಸಿಕೊಂಡು ಒಂದು ಅಧ್ಯಾಯವನ್ನು ಓದುವ ಸಮಯ ಅವರಿಗೆ ಇದೆಯೇ ಎಂದು ಯಾರೂ ಕೇಳಲಿಲ್ಲ. ಖಾಲಿ ಹುದ್ದೆಗಳ ಕೆಲಸವನ್ನು ಹೊತ್ತು, ಸಂಸ್ಥೆಗಳಿಗೆ ದರ್ಜೆ ನೀಡುವ ನ್ಯಾಕ್‌ನ ಕಡತ ತುಂಬಿ, ಮೌಲ್ಯಮಾಪನಕ್ಕೆ ಓಡುವ ಅಧ್ಯಾಪಕರಿಗೂ ಆ ಸಮಯ ಬೇಕಾಗಿಯೇ ಇತ್ತು. ನನ್ನ ಮಾರ್ಗದರ್ಶಕರು ಮೂರನೆಯ ಅಧ್ಯಾಯದ ಅಂಚಿನಲ್ಲಿ ‘ಈ ಕಲ್ಲನ್ನು ನೀವೇ ನೋಡಿದಿರಾ?’ ಎಂದು ಬರೆದಿದ್ದರು. ನೋಡಿರಲಿಲ್ಲ. ಮರುವಾರ ಬಸ್ಸು ಹತ್ತಿ ಹೋದೆ. ಇಡೀ ಅವಧಿಯಲ್ಲಿ ನನ್ನನ್ನು ಸಂಶೋಧನೆಗೆ ಹಚ್ಚಿದ್ದು ಆ ಒಂದು ಸಾಲು. ಅದಕ್ಕೆ ಯಾವ ಕೋಷ್ಟಕದಲ್ಲೂ ಅಂಕವಿಲ್ಲ.

ಫೆಬ್ರವರಿ 2025ರಲ್ಲಿ ಕೇರ್ ಪಟ್ಟಿಯೂ ನಿಂತಿತು. ಪತ್ರಿಕೆಯ ಯೋಗ್ಯತೆಯನ್ನು ಆಯಾ ಸಂಸ್ಥೆಗಳೇ ತೀರ್ಮಾನಿಸಬೇಕೆಂಬುದು ಈಗಿನ ವ್ಯವಸ್ಥೆ. ಹಾಗೆ ತೀರ್ಮಾನಿಸಬೇಕೆಂದರೆ ಸಮಿತಿಯಲ್ಲಿ ಕುಳಿತ ಯಾರಾದರೊಬ್ಬರು ಲೇಖನದ ಐದು ಪುಟಗಳನ್ನು ತಿರುವಿ ಓದಬೇಕಾಗುತ್ತದೆ.