ಕುಯ್ದ ಮೇಲೂ ಉಸಿರಾಡುವ ಕುಂಬಳ

ಬಲಿತ ಸಿಹಿಗುಂಬಳದ ತೊಟ್ಟನ್ನು ಒಮ್ಮೆ ಹತ್ತಿರದಿಂದ ನೋಡಿ. ಬಳ್ಳಿಯಲ್ಲಿದ್ದಾಗ ಹಸಿರಾಗಿ ರಸ ತುಂಬಿಕೊಂಡಿದ್ದದ್ದು ಈಗ ಒಣಗಿ ಸೌದೆ ಚೂರಿನ ಹಾಗಾಗಿದೆ. ಮೈತುಂಬ ಉದ್ದುದ್ದ ಏಣುಗಳು. ಕಾಯಿಯೊಳಗೆ ನೀರು, ಸಕ್ಕರೆ ಬಂದದ್ದೆಲ್ಲ ಇದೇ ದಾರಿಯಲ್ಲಿ. ಕುಯ್ದ ಮೇಲೆ ಇದೇ ಕಾಯಿಯ ಮುಚ್ಚಿದ ಬಾಗಿಲು.

ಮೊದಲ ಸಲ ಬೆಳೆದಾಗ ನಾನು ಕಾಯಿಯನ್ನು ತೊಟ್ಟು ಹಿಡಿದು ಎತ್ತಿದ್ದೆ. ತೊಟ್ಟು ಕಿತ್ತು ಬಂತು. ಕಾಯಿ ಚೆನ್ನಾಗಿಯೇ ಇದೆಯಲ್ವಾ ಅಂತ ಉಳಿದವುಗಳ ಜೊತೆ ಇಟ್ಟೆ. ಮೂರು ವಾರದಲ್ಲಿ ಆ ಗುಳಿಯ ಸುತ್ತ ಮೆತ್ತಗಾಗಿ ಬಿಳಿ ಬೂಷ್ಟು ಹಿಡಿದಿತ್ತು. ಪಕ್ಕದ ಕಾಯಿಗಳಿಗೆ ಏನೂ ಆಗಿರಲಿಲ್ಲ. ಅವತ್ತಿನಿಂದ ಕಾಯಿಯನ್ನು ಎರಡೂ ಕೈಯಲ್ಲಿ, ಅಡಿಯಿಂದ ಎತ್ತುತ್ತೇನೆ.

ಇಂಗ್ಲಿಷಿನಲ್ಲಿ ಇವನ್ನು ವಿಂಟರ್ ಸ್ಕ್ವಾಷ್ ಅನ್ನುತ್ತಾರೆ. ಚಳಿಗಾಲದಲ್ಲಿ ಬೆಳೆಯುವುದರಿಂದ ಬಂದ ಹೆಸರಲ್ಲ. ಬಿಸಿಲಿನ ದಿನಗಳಲ್ಲಿ ಬೆಳೆದು, ಚಳಿಗಾಲದವರೆಗೆ ಇಟ್ಟು ತಿನ್ನಬಹುದು ಎಂಬುದರಿಂದ ಬಂದದ್ದು. ಹೆಚ್ಚಾಗಿ ಮನೆತೋಟಗಳಿಗೆ ಬರುವುದು ಮೂರು ಜಾತಿ. ಏಕಾರ್ನ್ ತಳಿ ಕುಕುರ್ಬಿಟಾ ಪೆಪೊ ಎಂಬ ಜಾತಿಗೆ ಸೇರಿದ್ದು, ಹಬ್ಬರ್ಡ್ ಮತ್ತು ಕಬೋಚಾ ತಳಿಗಳು ಮ್ಯಾಕ್ಸಿಮಾ ಜಾತಿಗೆ, ಬಟರ್‌ನಟ್ ತಳಿ ಮೊಸ್ಕಾಟಾ ಜಾತಿಗೆ. ಬೂದುಗುಂಬಳ ಇವುಗಳ ದೂರದ ನೆಂಟ ಅಷ್ಟೇ, ಅದರ ಕುಲವೇ ಬೇರೆ. ಮೆಕ್ಸಿಕೋದ ಗೀಲಾ ನಾಕಿಟ್ಸ್ ಗುಹೆಯಲ್ಲಿ ಸಿಕ್ಕ ಪೆಪೊ ಬೀಜಗಳಿಗೆ ಸುಮಾರು 10,000 ವರ್ಷ ವಯಸ್ಸು. ಕಾಡು ಕುಂಬಳದ ತಿರುಳು ವಿಪರೀತ ಕಹಿ. ಆ ಕಾಲದ ಜನ ಬಹುಶಃ ಬೀಜ ತಿನ್ನಲು, ಬುರುಡೆಯನ್ನು ಪಾತ್ರೆ ಮಾಡಿಕೊಳ್ಳಲು ಇದನ್ನು ಸಾಕಿರಬೇಕು.

ಬೆಳೆಯುವುದು ಕಷ್ಟವಲ್ಲ. ಬೆಚ್ಚಗಿನ ಮಣ್ಣು, ದಿನವಿಡೀ ಬಿಸಿಲು, ಚೆನ್ನಾಗಿ ಕಳಿತ ಗೊಬ್ಬರ, ಹರಡಲು ಜಾಗ ಇಷ್ಟಿದ್ದರೆ ಸಾಕು. ಮಧ್ಯಾಹ್ನ ಎಲೆ ಜೋತುಬಿದ್ದರೆ ಗಾಬರಿಯಾಗಿ ನೀರು ಸುರಿಯಬೇಡಿ. ಸಂಜೆ ತಾನಾಗಿಯೇ ಎದ್ದು ನಿಂತರೆ ಬಳ್ಳಿ ಚೆನ್ನಾಗಿದೆ ಎಂದೇ ಅರ್ಥ.

ಜನ ಸೋಲುವುದು ಹೂವಿನ ಹತ್ತಿರ. ಮೊದಲು ಬರುವುದೆಲ್ಲ ಸಾಮಾನ್ಯವಾಗಿ ಗಂಡು ಹೂ. ಅವು ಉದುರಿದಾಗ ಬಳ್ಳಿಗೆ ರೋಗ ಬಂತೇನೋ ಅನ್ನಿಸುತ್ತದೆ. ಕೆಲವು ದಿನ ಕಳೆದ ಮೇಲೆ ಹೆಣ್ಣು ಹೂ ಬರುತ್ತದೆ. ದಳಗಳ ಕೆಳಗೆ ಗೋಲಿಯಷ್ಟು ಹೀಚು ಇದ್ದರೆ ಅದು ಹೆಣ್ಣು. ಅದು ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತದೆ. ಪರಾಗ ಅಂಟಂಟು, ಭಾರ. ಗಾಳಿಗೆ ಹಾರುವುದಿಲ್ಲ, ಜೇನುನೊಣವೇ ಹೊತ್ತು ತರಬೇಕು. ಜೇನು ಬರದಿದ್ದರೆ ಆ ಕೆಲಸ ನಮ್ಮದು. ಬೆಳಿಗ್ಗೆ ಬೇಗ ಒಂದು ಗಂಡು ಹೂ ಕಿತ್ತು, ದಳ ಸುಲಿದು, ನಡುವಿನ ಹಳದಿ ಕಡ್ಡಿಯನ್ನು ಹೆಣ್ಣು ಹೂವಿನೊಳಗೆ ಮೆಲ್ಲಗೆ ಸವರಿ. ಪರಾಗ ಸಿಗದ ಹೀಚು ಹಳದಿಯಾಗಿ ಉದುರುತ್ತದೆ. ಅರೆಬರೆ ಸಿಕ್ಕರೆ ಕಾಯಿ ಒಂದು ಕಡೆ ಸೊಟ್ಟಗಾಗುತ್ತದೆ.

ಕಾಯಿ ನಿಂತ ಮೇಲೆ ಬೇಕಾದದ್ದು ತಾಳ್ಮೆ. ತಳಿಯ ಮೇಲೆ ಹೋಗುತ್ತದೆ ನಿಜ, ಆದರೂ ಹೂ ಬಿಟ್ಟ ದಿನದಿಂದ ಸುಮಾರು 50 ದಿನ ಬೇಕು. ಗಾತ್ರ ಬಂದು ಬಣ್ಣ ತಿರುಗಿದ ಕೂಡಲೇ ಕುಯ್ಯುವ ಆಸೆ ಆಗುತ್ತದೆ. ಆದರೆ ಗಾತ್ರ ಮೊದಲೇ ಬಂದುಬಿಡುತ್ತದೆ, ತಿರುಳಿನಲ್ಲಿ ಪಿಷ್ಟ ತುಂಬುವುದು ಆಮೇಲೆ. ಹೆಬ್ಬೆರಳಿನ ಉಗುರನ್ನು ಸಿಪ್ಪೆಗೆ ಒತ್ತಿ ನೋಡಿ. ಉಗುರು ಇಳಿಯಬಾರದು. ತೊಟ್ಟು ಒಣಗಲು ಶುರುವಾಗಿರಬೇಕು. ಹಿಮ ಬೀಳುವ ಊರಾದರೆ ಅದಕ್ಕೂ ಮುಂಚೆ ಕುಯ್ಯಿರಿ. ತಿರುಚಿ ಕೀಳದೆ ಕತ್ತರಿಯಿಂದ, ಐದಾರು ಸೆಂಟಿಮೀಟರ್ ತೊಟ್ಟು ಬಿಟ್ಟು ಕತ್ತರಿಸಿ.

ಕುಯ್ದಲ್ಲಿಗೆ ಮುಗಿಯಿತು ಅಂದುಕೊಳ್ಳುತ್ತೇವೆ. ಕಾಯಿ ಇನ್ನೂ ಜೀವಂತವಾಗಿದೆ. ಅದು ಆಮ್ಲಜನಕ ಎಳೆದುಕೊಂಡು ಕೂಡಿಟ್ಟ ಸಕ್ಕರೆಯನ್ನು ಸ್ವಲ್ಪ ಸ್ವಲ್ಪವೇ ಖರ್ಚು ಮಾಡುತ್ತಿರುತ್ತದೆ. ಗಾಯವಾದರೆ ಮಾಯಿಸಿಕೊಳ್ಳುತ್ತದೆ ಕೂಡ. ಅದಕ್ಕೇ ಮೊದಲ ಹತ್ತು ದಿನ 27ರಿಂದ 29 ಡಿಗ್ರಿ ಸೆಲ್ಸಿಯಸ್ ಬೆಚ್ಚಗೆ, ಗಾಳಿಯಾಡುವ ಕಡೆ ಇಡುವುದು. ಗೀಚಿದ ಕಡೆ ಬಿರಡೆಯಂಥ ಪದರ ಕಟ್ಟುತ್ತದೆ, ಸಿಪ್ಪೆ ಬಿಗಿಯುತ್ತದೆ. ಏಕಾರ್ನ್‌ಗೆ ಮಾತ್ರ ಈ ಉಪಚಾರ ಬೇಡ, ಕಾವಿನಲ್ಲಿ ಅದರ ರುಚಿಯೂ ಬಾಳಿಕೆಯೂ ಕೆಡುತ್ತವೆ.

ಆಮೇಲೆ 10ರಿಂದ 13 ಡಿಗ್ರಿಯ ಒಣ ಜಾಗ. ಇದಕ್ಕಿಂತ ಜಾಸ್ತಿ ಬಿಸಿಯಾದರೆ ಉಸಿರಾಟದ ವೇಗ ಹೆಚ್ಚಿ ತಿರುಳು ನಾರುನಾರಾಗುತ್ತದೆ. 10ಕ್ಕಿಂತ ಕೆಳಗೆ ಬಹಳ ದಿನ ಇದ್ದರೆ ಜೀವಕೋಶಗಳಿಗೇ ಪೆಟ್ಟು. ಹೊರಗೆ ತಂದ ಮೇಲೆ ಸಿಪ್ಪೆಯಲ್ಲಿ ಗುಳಿ ಬಿದ್ದು ಕೊಳೆಯುತ್ತದೆ. ಹಾಗಾಗಿ ಇಡೀ ಕಾಯಿಗೆ ಫ್ರಿಜ್ ಒಳ್ಳೆಯ ಜಾಗವಲ್ಲ. ಸೇಬಿನ ಪಕ್ಕವೂ ಬೇಡ, ಸೇಬು ಬಿಡುವ ಎಥಿಲೀನ್ ಅನಿಲ ಕಾಯಿಯನ್ನು ಬೇಗ ಮುಪ್ಪಾಗಿಸುತ್ತದೆ.

ನನಗೆ ಎಲ್ಲಕ್ಕಿಂತ ಇಷ್ಟವಾದ ಸಂಗತಿ ನಡೆಯುವುದು ಈ ಕತ್ತಲ ಮೂಲೆಯಲ್ಲೇ. ಕುಯ್ದ ದಿನವೇ ಬೇಯಿಸಿದ ಬಟರ್‌ನಟ್ ಹಿಟ್ಟುಹಿಟ್ಟಾಗಿ ಸಪ್ಪೆ ಇರುತ್ತದೆ. ಒಂದೆರಡು ತಿಂಗಳು ಸುಮ್ನೆ ಇಟ್ಟರೆ ಒಳಗಿನ ಕಿಣ್ವಗಳು ಪಿಷ್ಟದ ಉದ್ದ ಸರಪಳಿಗಳನ್ನು ಕತ್ತರಿಸಿ ಸಕ್ಕರೆ ಮಾಡುತ್ತವೆ. ಅದೇ ಬಳ್ಳಿಯ ಇನ್ನೊಂದು ಕಾಯಿ, ರುಚಿ ಮಾತ್ರ ಪೂರ್ತಿ ಬೇರೆ. ಏಕಾರ್ನ್ ಅನ್ನು ಒಂದೆರಡು ತಿಂಗಳಲ್ಲಿ ಮುಗಿಸಬೇಕು. ಬಟರ್‌ನಟ್ ಎರಡು ಮೂರು ತಿಂಗಳು, ಹಬ್ಬರ್ಡ್ ಐದಾರು ತಿಂಗಳು ತಡೆಯುತ್ತವೆ. ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ವಾರಕ್ಕೊಮ್ಮೆ ತಿರುಗಿಸಿ ಅಡಿ ಮುಟ್ಟಿ ನೋಡಿ. ಯಾವುದೇ ಕಾಯಿ ಬೇಯಿಸಿದ ಮೇಲೂ ಕಹಿ ಇದ್ದರೆ ತಿನ್ನಬೇಡಿ. ಅದು ಕುಕುರ್ಬಿಟಾಸಿನ್ ಎಂಬ ವಿಷ.

ತುಂಬ ದಿನ ಇಟ್ಟ ಕಾಯಿಯನ್ನು ಸೀಳಿದಾಗ ಕೆಲವೊಮ್ಮೆ ಬೀಜವೊಂದು ಒಳಗೇ ಬಾಯಿ ಬಿಟ್ಟು ಬಿಳಿ ಬೇರು ಚಾಚಿರುತ್ತದೆ. ಮೊಳಕೆಯನ್ನು ಬೀಜದ ಜೊತೆ ಕೆರೆದು ತೆಗೆಯಿರಿ. ತಿರುಳು ಗಟ್ಟಿಯಾಗಿ, ವಾಸನೆಯಿಲ್ಲದೆ ಇದ್ದರೆ ಅಡುಗೆಗೆ ಆಗುತ್ತದೆ.